ಮೂರೂವರೆ ಲಕ್ಷದಲ್ಲಿ ಲಕ್ಷಣವಾದ ಮದುವೆ ಆಗುತ್ತಾ? ಮಾಡಿದವರು ಹೇಳಿ

ಮೈಸೂರು_ಹುಡುಗಿ:

ಎಲ್ಲರಿಗೂ ನಮಸ್ಕಾರ. ನನ್ನ ಮದುವೆ ಮುಂದಿನ ಮಾಘದಲ್ಲಿ. ಖರ್ಚನ್ನು ನಾನೂ ನನ್ನ ಹುಡುಗನೂ ಸೇರಿ ಹಾಕಿಕೊಳ್ಳುತ್ತೇವೆ. ಇಬ್ಬರೂ ಕೂಡಿಟ್ಟಿರುವುದು 3.5 ಲಕ್ಷ. ತಾಳಿಯ ಚಿನ್ನ ಅಮ್ಮನ ಹಳೆ ಬಳೆಯಲ್ಲಿ ಆಗುತ್ತದೆ, ಅದು ಈ ಲೆಕ್ಕದಲ್ಲಿಲ್ಲ. ಅಪ್ಪ ಹೋದ ವರ್ಷ ನಿವೃತ್ತಿಯಾದರು. ಬಡ್ಡಿಗೆ ಸಾಲ ತರುತ್ತೇನೆ ಅಂತ ಓಡಾಡುತ್ತಿದ್ದಾರೆ. ನನಗದು ಬೇಡ. ತಮ್ಮನ ಓದು ಇನ್ನೂ ಬಾಕಿ ಇದೆ.

ಮೈಸೂರಿನಲ್ಲಿ ಮೂರು ಛತ್ರ ನೋಡಿದೆವು. ಹಿಂದಿನ ದಿನದ ಆರತಕ್ಷತೆಯೂ ಸೇರಿ ಒಂದೂಕಾಲು ಲಕ್ಷದಿಂದ ಮಾತು ಶುರು. ಅಲಂಕಾರದವರು 80,000 ಕೇಳಿದರು. ಅವರು ತೋರಿಸಿದ ಫೋಟೋಗಳಲ್ಲಿ ಇದ್ದದ್ದು ಪ್ಲಾಸ್ಟಿಕ್ ಹೂವು, ಥರ್ಮಾಕೋಲ್ ಕಂಬ. ಊಟ ಎಲೆಗೆ 400. ನಮ್ಮ ಪಟ್ಟಿಯಲ್ಲಿ 420 ಜನ. ಒಂದು ಹೊತ್ತಿನ ಊಟಕ್ಕೇ 1,68,000 ಆಯಿತು.

ಮದುವೆ ಮನೆ ಮದುವೆ ಮನೆ ಥರ ಕಾಣಬೇಕು ಅನ್ನುವುದು ಅಮ್ಮನ ಆಸೆ. ನನ್ನದೂ ಅದೇ. ಎಲ್ಲಿ ಕಡಿಮೆ ಮಾಡಲಿ, ಎಲ್ಲಿ ಮಾಡಬಾರದು?

ಲೆಕ್ಕದ_ಪುಸ್ತಕ:

ಮೊದಲು ಛತ್ರದ ವಿಷಯ. ಅವರು ಬಾಯಲ್ಲಿ ಹೇಳುವ ಬಾಡಿಗೆ ಪೂರ್ತಿ ಬಾಡಿಗೆ ಅಲ್ಲ. ಅದರ ಮೇಲೆ 18% ಜಿಎಸ್‌ಟಿ ಇರುತ್ತದೆ. ಆಮೇಲೆ ಕರೆಂಟು, ಜನರೇಟರ್ ಡೀಸೆಲ್, ಸ್ವಚ್ಛತೆ, ಪಾತ್ರೆ, ಗ್ಯಾಸ್ ಒಂದೊಂದೇ ಹೊರಗೆ ಬರುತ್ತವೆ. ಎಲ್ಲವನ್ನೂ ಕಾಗದದ ಮೇಲೆ ಬರೆಸಿಕೊಳ್ಳಿ, ಆಮೇಲೆ ಮುಂಗಡ ಕೊಡಿ.

ಎರಡನೆಯದು, ಆರತಕ್ಷತೆ ಬಿಡಿ. ಒಂದು ಸಂಜೆ ಅಂದರೆ ಒಂದು ಊಟ, ಒಂದು ಅಲಂಕಾರ, ಒಂದು ಸೀರೆ, ಒಂದು ದಿನದ ಫೋಟೋ, ನೆಂಟರಿಗೆ ರಾತ್ರಿ ಉಳಿಯಲು ರೂಮು. ಬರೀ ಮುಹೂರ್ತ ಇಟ್ಟುಕೊಂಡರೆ ಬೆಳಗಿನ ತಿಂಡಿ, ಮಧ್ಯಾಹ್ನದ ಊಟ ಅಷ್ಟೇ. ಭಾನುವಾರದ ಮುಹೂರ್ತವನ್ನೂ ಬಿಟ್ಟು ನೋಡಿ. ಬುಧವಾರ, ಗುರುವಾರ ಕೇಳಿದರೆ ಛತ್ರದವರೂ ಸ್ವಲ್ಪ ಬಗ್ಗುತ್ತಾರೆ.

ತೆಂಗಿನ_ತೋಟ:

ತಂಗೀ, ನಿನ್ನ ಪ್ರಶ್ನೆ ಓದಿ ಸುಮ್ನೆ ಇರಲು ಆಗಲಿಲ್ಲ. ನಮ್ಮದು ತಿಪಟೂರು ಹತ್ತಿರದ ಹಳ್ಳಿ. ನನ್ನ ಇಬ್ಬರು ತಂಗಿಯರ ಮದುವೆಯನ್ನೂ ನಾನೇ ಮುಂದೆ ನಿಂತು ಮಾಡಿದೆ. ಒಂದು ಸಾಲ ಮಾಡಿ, ಇನ್ನೊಂದು ಸಾಲವಿಲ್ಲದೆ.

ಮೊದಲನೆಯವಳ ಮದುವೆ 2018ರಲ್ಲಿ, ಪೇಟೆಯ ಛತ್ರದಲ್ಲಿ. ಅಡುಗೆ ಗುತ್ತಿಗೆಯವರಿಗೆ 500 ಎಲೆ ಖಾತ್ರಿ ಅಂತ ಬರೆದುಕೊಟ್ಟಿದ್ದೆವು. ಅವತ್ತು ಊರಲ್ಲಿ ಇನ್ನೂ ಮೂರು ಮದುವೆ ಇದ್ದವು. ನಮ್ಮಲ್ಲಿ ಬಿದ್ದದ್ದು 340 ಎಲೆ. ಆದರೂ 500ಕ್ಕೂ ದುಡ್ಡು ಕೊಟ್ಟೆವು. ಎಲೆಯ ಮೇಲೆ 22 ಬಗೆ. ಜನ ಅರ್ಧ ತಿಂದು ಮಡಚಿ ಎದ್ದರು. ಹಿಂದೆ ತಿಪ್ಪೆಗೆ ಸುರಿದ ಅನ್ನ, ಜಾಮೂನು ನೋಡಿ ನಮ್ಮಪ್ಪ ಮಾತೇ ಆಡಲಿಲ್ಲ. ಆ ಸಾಲ ತೀರಲು ಮೂರು ವರ್ಷ ಬೇಕಾಯಿತು.

ಚಿಕ್ಕವಳ ಮದುವೆ 2023ರ ಜನವರಿ ಕೊನೆಯಲ್ಲಿ. ಮಾಘ ಆಗಷ್ಟೇ ಹುಟ್ಟಿತ್ತು. ಮನೆ ಮುಂದೆ ಚಪ್ಪರ ಹಾಕಿದೆವು. ಪಟ್ಟಿಗೆ ಒಂದೇ ನಿಯಮ ಇಟ್ಟುಕೊಂಡೆವು. ನಮ್ಮ ಮನೆಯಲ್ಲಿ ಸಾವಾದರೆ ಯಾರು ಓಡಿ ಬರುತ್ತಾರೋ, ಯಾರ ಮನೆಗೆ ನಾವು ಓಡಿ ಹೋಗುತ್ತೇವೋ, ಅವರು ಮದುವೆಗೆ ಬರಬೇಕು. ಕೇಳಲು ಒರಟಾಗಿದೆ ಅನ್ನಿಸಬಹುದು. ಆದರೆ ಪಟ್ಟಿ ಒಂದೇ ರಾತ್ರಿಯಲ್ಲಿ 450ರಿಂದ 180ಕ್ಕೆ ಇಳಿಯಿತು. ಉಳಿದವರಿಗೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಮನೆಮಟ್ಟಿಗೆ ಮಾಡುತ್ತಿದ್ದೇವೆ, ಆಮೇಲೆ ದಂಪತಿಯನ್ನು ಕರೆದುಕೊಂಡು ನಿಮ್ಮ ಮನೆಗೇ ಬರುತ್ತೇವೆ ಅಂದೆ. ಹೇಳಿದ ಹಾಗೆ ಹೋದೆವು ಕೂಡ. ಫೋನ್ ಮಾಡದೆ ಬಿಟ್ಟಿದ್ದರೆ ಬೇಸರ ಉಳಿಯುತ್ತಿತ್ತು.

ಅಡುಗೆಗೆ ಗುತ್ತಿಗೆ ಕೊಡಲಿಲ್ಲ. ಭಟ್ಟರು ಮತ್ತು ನಾಲ್ಕು ಜನ ಸಹಾಯಕರು, ಬರೀ ಕೂಲಿ, 22,000. ದಿನಸಿ ನಾವೇ ತಂದೆವು, 38,000. ತರಕಾರಿ, ಹಾಲು, ಮೊಸರು, ಬಾಳೆ ಎಲೆ ಸೇರಿ 13,000. ತೆಂಗಿನಕಾಯಿ ಮನೆಯದು. ಮದುವೆ ಊಟಕ್ಕೆ ಅಕ್ಕಿ ಹತ್ತು ಜನಕ್ಕೆ ಒಂದು ಕೆಜಿ ಹಿಡಿದರೆ ಸಾಕು ಅಂತ ಭಟ್ಟರು ಹೇಳಿದ್ದರು. ಹಾಗೇ ಆಯಿತು. ಎಲೆಗೆ ಹಾಕಿದ್ದು ಕೋಸಂಬರಿ, ಹುರುಳಿಕಾಯಿ ಪಲ್ಯ, ಮಾವಿನಕಾಯಿ ಉಪ್ಪಿನಕಾಯಿ, ಚಿತ್ರಾನ್ನ, ಕಾಯಿ ಒಬ್ಬಟ್ಟು, ಅನ್ನ, ತಿಳಿಸಾರು, ಹಿತಕಿದ ಅವರೆಬೇಳೆ ಹುಳಿ, ಹಪ್ಪಳ, ಮಜ್ಜಿಗೆ. ಸಿಹಿ ಒಂದೇ. ಆದರೆ ಬಿಸಿ ಒಬ್ಬಟ್ಟು, ಮೇಲೆ ತುಪ್ಪ, ಬೇಕಾದಷ್ಟು.

ಆ ಅವರೆಕಾಯಿಯ ಮಾತು ಹೇಳಲೇಬೇಕು. ಸೊಗಡಿನ ಕಾಲ, ಚೀಲಗಟ್ಟಲೆ ತಂದೆವು. ಹಿಂದಿನ ರಾತ್ರಿ ಬೀದಿಯ ಹೆಂಗಸರೆಲ್ಲ ಬಂದು ಪಡಸಾಲೆಯಲ್ಲಿ ಸುತ್ತ ಕೂತು, ನೆನೆಸಿದ ಕಾಳು ಹಿತಕಿದರು. ಒಂದು ಗಂಟೆ ರಾತ್ರಿಯವರೆಗೆ ಹಾಡು, ನಗು. ನಮ್ಮ ತಂಗಿ ಕೈಗೆ ಮದರಂಗಿ ಹಚ್ಚಿಸಿಕೊಂಡು ನಡುವೆ ಕೂತಿದ್ದಳು. ಬೇರೆ ಆರತಕ್ಷತೆ ಬೇಕು ಅಂತ ಯಾರಿಗೂ ಅನ್ನಿಸಲಿಲ್ಲ.

ಇನ್ನು ಚೆಲುವು. ಹಸಿ ತೆಂಗಿನ ಗರಿ ಹೆಣೆದ ಚಪ್ಪರ, ಬಾಗಿಲಿಗೆ ಗೊನೆ ಸಮೇತ ಎರಡು ಬಾಳೆಕಂದು, ಮಾವಿನ ತೋರಣ, ಮಂಟಪದ ನಾಲ್ಕು ಮೂಲೆಗೆ ಹೊಂಬಾಳೆ, ಸಾಲಾಗಿ ಹಿತ್ತಾಳೆ ದೀಪ. ದೀಪದ ಕಂಬಗಳನ್ನು ಚಿಕ್ಕಮ್ಮಂದಿರ ಮನೆಗಳಿಂದ ತಂದು, ಹುಣಸೆಹಣ್ಣು ಹಾಕಿ ತಿಕ್ಕಿದೆವು. ನೆಲ ಸಾರಿಸಿ ರಂಗೋಲಿ ಹಾಕಿದೆವು. ಕೆಲವು ವಿಷಯ ನಾವು ಮಾಡಿ ಕಲಿತದ್ದು. ಗರಿ ಎರಡು ದಿನ ಮೊದಲು ಹೆಣೆದರೂ ತಡೆಯುತ್ತದೆ. ಬಾಳೆಕಂದು ಮತ್ತು ಮಾವಿನೆಲೆ ಹಿಂದಿನ ಸಂಜೆಯೇ ಕಡಿಯಬೇಕು, ಒದ್ದೆ ಗೋಣಿಚೀಲದಲ್ಲಿ ಸುತ್ತಿಡಬೇಕು. ಇಲ್ಲದಿದ್ದರೆ ಮುಹೂರ್ತದ ಹೊತ್ತಿಗೆ ಸೊರಗುತ್ತವೆ. ಇನ್ನೊಂದು, ಹಸಿರು ಗರಿಯ ಕೆಳಗೆ ನಿಂತರೆ ಮುಖಕ್ಕೆ ಹಸಿರು ಬೆಳಕು ಬೀಳುತ್ತದೆ. ಫೋಟೋದ ಹುಡುಗ ಮೊದಲೇ ನೋಡಿ ಹೇಳಿದ. ಮಂಟಪದ ಮೇಲೆ ಗರಿಯ ಒಳಮೈಗೆ ಎರಡು ಬಿಳಿ ಪಂಚೆ ಬಿಗಿದು ಕಟ್ಟಿದೆವು. ಪೂರ್ವದ ಬದಿ ತೆರೆದಿಟ್ಟೆವು. ಬೆಳಿಗ್ಗೆ ಒಂಬತ್ತೂವರೆಯ ಬಿಸಿಲು ಸೋಸಿ ಬಂದು, ಧಾರೆಯ ನೀರು ಹೊಳೆದದ್ದು ಈಗಲೂ ಕಣ್ಣಿಗೆ ಕಟ್ಟಿದೆ.

ಹೂವಿನ ವಿಷಯ: ಚಳಿಗೆ ಮಲ್ಲಿಗೆ ಇಳುವರಿ ಬೀಳುತ್ತದೆ, ಮಾಘದಲ್ಲಿ ಮುಟ್ಟಲು ಆಗದ ಬೆಲೆ. ಕಾಕಡ ಚಳಿಗಾಲದ್ದೇ ಹೂವು, ಅದನ್ನು ತಗೊಳ್ಳಿ. ಹಾರಕ್ಕೆ ಸೇವಂತಿಗೆ. ಮಲ್ಲಿಗೆ ಬೇಕೇ ಬೇಕು ಅಂದರೆ ಮದುಮಗಳ ಮುಡಿಗೆ ಒಂದು ಮೊಳ.

ಕೊನೆಗೆ ನಿನ್ನ ಅಪ್ಪನ ಮಾತು. ಸಾಲ ಬೇಡ ಅಂತ ಬರೀ ಬಾಯಲ್ಲಿ ಹೇಳಬೇಡ. ಮಗಳಿಗೆ ಏನೂ ಕೊಡಲಿಲ್ಲ ಅನ್ನುವ ನೋವು ಅವರಿಗೆ ಉಳಿಯುತ್ತದೆ. ಚಪ್ಪರ ಪೂರ್ತಿ ಅವರ ಕೈಗೆ ಕೊಡು. ನಮ್ಮಪ್ಪ ಹೆಣೆದ ಗರಿಗಳ ಕೆಳಗೇ ತಂಗಿಯ ಮದುವೆ ಆಯಿತು. ಬಂದವರಿಗೆಲ್ಲ ಕೈ ಹಿಡಿದು ತೋರಿಸುತ್ತಿದ್ದರು.

ಮಲೆನಾಡಿಗ:

ನಾನು ಮಂತ್ರ ಮಾಂಗಲ್ಯದಲ್ಲಿ ಮದುವೆಯಾದವನು. ಕುವೆಂಪು ರೂಪಿಸಿಕೊಟ್ಟ ದಾರಿ ಅದು. 1966ರಲ್ಲಿ ಅವರ ಮಗ ತೇಜಸ್ವಿಯವರ ಮದುವೆ ಹೀಗೇ ಆಯಿತು. ಪುರೋಹಿತರಿಲ್ಲ, ವರದಕ್ಷಿಣೆ ಇಲ್ಲ, ವಾದ್ಯ ಇಲ್ಲ. ಹಿರಿಯರೊಬ್ಬರು ಪ್ರತಿಜ್ಞೆ ಓದುತ್ತಾರೆ, ಗಂಡು ಹೆಣ್ಣು ಇಬ್ಬರೂ ಹೇಳುತ್ತಾರೆ. ನಮ್ಮದು ತೀರ್ಥಹಳ್ಳಿ ಕಡೆ, ಅತ್ತೆ ಮನೆಯ ಅಂಗಳದಲ್ಲಿ, 70 ಜನ. ಪ್ರತಿಜ್ಞೆ ಓದಿದ್ದು ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ ಮೇಷ್ಟ್ರು. ಅವರ ದನಿ ನಡುಗಿತು, ನಮ್ಮದೂ ನಡುಗಿತು. ಹೇಳುವ ಪ್ರತಿ ಮಾತೂ ಅರ್ಥವಾಗುವ ಮದುವೆ ಎಷ್ಟು ಚೆಂದ ಅಂತ ಅವತ್ತು ಗೊತ್ತಾಯಿತು. ಮನೆಯವರು ಒಪ್ಪಿದರೆ ಮಾತ್ರ ಮಾಡಿ, ಜಗಳ ಮಾಡಿಕೊಂಡು ಬೇಡ. ಹೇಗೆ ಆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮರೆಯಬೇಡಿ.

ಹುನಗುಂದದ_ಅಕ್ಕ:

ಸೀರೆಯ ಬಗ್ಗೆ ಯಾರೂ ಹೇಳಲಿಲ್ಲ ಅಲ್ವಾ? ಒಂದು ದಿನ ಉಟ್ಟು ಪೆಟ್ಟಿಗೆಯಲ್ಲಿ ಇಡುವ 40,000ದ ಸೀರೆ ಬೇಡ. ನಮ್ಮ ಇಳಕಲ್ ಕೈಮಗ್ಗದ್ದು ನೋಡಿ. ಹತ್ತಿಯ ಒಡಲು, ರೇಷ್ಮೆಯ ಸೆರಗು, ಎರಡನ್ನೂ ಕೊಂಡಿ ಹಾಕಿ ಜೋಡಿಸುತ್ತಾರೆ. ಕೆಂಪು ಬಿಳಿಯ ತೆನಿ ಸೆರಗು ಹಂದರದ ಕೆಳಗೆ ಬಹಳ ಒಪ್ಪುತ್ತದೆ. ನನ್ನ ಮದುವೆಯ ಸೀರೆ ಆರು ಸಾವಿರದ್ದು. ಹನ್ನೊಂದು ವರ್ಷವಾಯಿತು, ಪ್ರತಿ ಪಂಚಮಿಗೂ ಉಡುತ್ತೇನೆ.

ಬಳೆ ಕರಗಿಸುವ ಮೊದಲು ಎರಡು ಮೂರು ಅಂಗಡಿಯಲ್ಲಿ ತೂಕ ಹಾಕಿಸಿ. ಹೊಸ ತಾಳಿಯ ಮೇಲೆ ಹಾಲ್‌ಮಾರ್ಕ್ ಮತ್ತು ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ (ಆ ಒಡವೆಯದೇ ಗುರುತಿನ ಸಂಖ್ಯೆ) ಇದೆಯಾ ನೋಡಿ. ಮಜೂರಿ ಎಷ್ಟು ಅಂತ ಮೊದಲೇ ಕೇಳಿ.

ಮೈಸೂರು_ಹುಡುಗಿ:

ಎಲ್ಲರದ್ದನ್ನೂ ಅಮ್ಮನಿಗೆ ಓದಿ ಹೇಳಿದೆ. ಹಿತಕಿದಬೇಳೆ ಹತ್ತಿರ ಬಂದಾಗ ಅಮ್ಮ ಕಣ್ಣು ಒರೆಸಿಕೊಂಡರು. ಅಜ್ಜಿ ಮನೆಯಲ್ಲಿ ಅವರ ಮದುವೆಯೂ ಹೀಗೇ ಆಗಿತ್ತಂತೆ.

ಒಂದೇ ತೊಂದರೆ. ಮೈಸೂರಿನಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಅಂಗಳವೇ ಇಲ್ಲ.

ತೆಂಗಿನ_ತೋಟ:

ಅಜ್ಜಿ ಮನೆ ಎಲ್ಲಿದೆ? ಇನ್ನೂ ಇದೆಯಾ? ಇಲ್ಲವಾದರೆ ದೇವಸ್ಥಾನದ ಚಿಕ್ಕ ಸಭಾಂಗಣ ಕೇಳು. ಅಲ್ಲೂ ಬಾಗಿಲಿಗೆ ಬಾಳೆಕಂದು, ಮಂಟಪಕ್ಕೆ ಗರಿ ಕಟ್ಟಬಹುದು. ಮೊಳೆ ಹೊಡೆಯಲು ಬಿಡುತ್ತಾರಾ ಅಂತ ಮೊದಲೇ ಕೇಳಿಕೋ. ಹೊರಗಿನ ಅಡುಗೆಯವರಿಗೆ ಬಿಡುತ್ತಾರಾ ಅನ್ನುವುದನ್ನೂ ಕೇಳು. ಎಷ್ಟೋ ಕಡೆ ಅವರದೇ ಗುತ್ತಿಗೆ ಇರುತ್ತದೆ.

ಮೈಸೂರು_ಹುಡುಗಿ:

ಅಜ್ಜಿ ಮನೆ ಕೆ.ಆರ್. ನಗರದ ಹತ್ತಿರದ ಊರಲ್ಲಿ. ಮಾವ ಇದ್ದಾರೆ. ನೆನ್ನೆ ಅಪ್ಪನನ್ನು ಕರೆದುಕೊಂಡು ಹೋಗಿ ಬಂದೆ. ಮಾವ ನಮ್ಮ ಮಾತು ಮುಗಿಯುವ ಮೊದಲೇ ಟೇಪು ಹಿಡಿದು ಅಂಗಳ ಅಳೆದರು. 40 ಅಡಿ, 28 ಅಡಿ. ಪಂಕ್ತಿಗೆ 60 ಎಲೆ ಹಾಕಬಹುದು ಅಂದರು. ಹುಡುಗನ ಮನೆಯವರ ಜೊತೆ ಕೂತು ಪಟ್ಟಿ 190ಕ್ಕೆ ತಂದೆವು. ಅವರಮ್ಮ ಸ್ವಲ್ಪ ಸಪ್ಪಗಿದ್ದಾರೆ, ಅವರ ಜೊತೆ ಫೋನ್ ಮಾಡಲು ನಾನೂ ಕೂರುತ್ತೇನೆ ಅಂದಿದ್ದೇನೆ. ಅಪ್ಪ ಸಾಲದ ಮಾತು ಎತ್ತಲಿಲ್ಲ. ವಾಪಸ್ ಬರುವಾಗ ಬಸ್ಸಿನ ಕಿಟಕಿಯಿಂದ ತೆಂಗಿನ ಮರ ಎಣಿಸುತ್ತಿದ್ದರು.

ತೆಂಗಿನ ತೋಟದ ಅಕ್ಕಾ, ಅಷ್ಟು ಅಂಗಳಕ್ಕೆ ಎಷ್ಟು ಗರಿ ಬೇಕಾಗುತ್ತದೆ?

ತೆಂಗಿನ_ತೋಟ:

ನಮ್ಮದು ಇದಕ್ಕಿಂತ ಚಿಕ್ಕ ಅಂಗಳ, ಗರಿ 150ರ ಮೇಲೆ ಹಿಡಿದಿತ್ತು. ನಿಮ್ಮಪ್ಪನಿಗೆ 250 ಅಂತ ಹೇಳು. ಉಳಿದರೆ ಊಟದ ಪಂಕ್ತಿಯ ಬದಿಗೆ ಮರೆ ಕಟ್ಟಬಹುದು. ಮಾವನಿಗೆ ಈಗಲೇ ಒಂದು ಮಾತು ಹೇಳಿಡು: ಮದುವೆ ವಾರದವರೆಗೆ ಮರಕ್ಕೆ ಯಾರನ್ನೂ ಹತ್ತಿಸಿ ಗರಿ ಕೀಳಿಸುವುದು ಬೇಡ.