ಮೀಟರ್ ತಿರುಗಿಸಿದ ಸೆಕೆಂಡ್ ಹ್ಯಾಂಡ್ ಕಾರು: ಡೀಲರ್‌ಗೆ ವಾಪಸ್ ಕೊಡಬಹುದಾ?

ತುಮಕೂರಿನವ:
ತಿಳಿದವರು ಸ್ವಲ್ಪ ಹೇಳಿ. ಹೋದ ತಿಂಗಳು ಬೆಂಗಳೂರಿನ ಒಬ್ಬ ಡೀಲರ್ ಹತ್ತಿರ 2017ರ ಎಎಂಟಿ (ಗೇರ್ ತಾನೇ ಬದಲಾಗುವ) ಕಾರು ತಗೊಂಡೆ. 5.80 ಲಕ್ಷ ರೂಪಾಯಿ, ಅದರಲ್ಲಿ ಜಾಸ್ತಿ ಪಾಲು ಬ್ಯಾಂಕ್ ಸಾಲ. ಜಾಹೀರಾತಿನಲ್ಲಿ 48,000 ಕಿ.ಮೀ. ಓಡಿದೆ ಅಂತಿತ್ತು, ವಾಟ್ಸಾಪ್‌ನಲ್ಲೂ ಅದನ್ನೇ ಬರೆದು ಕಳಿಸಿದ್ದರು. ಮನೆಗೆ ತಂದ ವಾರದಲ್ಲೇ ಗೇರ್ ಬದಲಾಗುವಾಗ ಎಳೆದಾಡಲು ಶುರುವಾಯಿತು. ಕಂಪನಿ ಸರ್ವಿಸ್ ಸೆಂಟರ್‌ಗೆ ಒಯ್ದರೆ ಅವರು ಗಾಡಿ ನಂಬರ್ ಹಾಕಿ ನೋಡಿ, 2022ರ ಸರ್ವಿಸ್‌ನಲ್ಲೇ ಇದು 91,000 ದಾಟಿತ್ತು ಅಂದರು!

ಡೀಲರ್‌ನ ಕೇಳಿದರೆ "ಹಳೇ ಗಾಡಿ ಸಾರ್, ಇದ್ದ ಹಾಗೇ ತಗೋತೀನಿ ಅಂತ ಸೈನ್ ಹಾಕಿದ್ದೀರಲ್ಲ, ನಾನು ಬರೀ ಮಧ್ಯದವನು, ಓನರ್‌ನ ಕೇಳಿ" ಅನ್ನುತ್ತಾರೆ. ಏನೇ ತಕರಾರಿದ್ದರೂ ಆರ್ಬಿಟ್ರೇಷನ್‌ಗೇ (ಕೋರ್ಟಿನ ಹೊರಗೆ ಮಧ್ಯಸ್ಥರ ತೀರ್ಪಿಗೆ) ಹೋಗಬೇಕು ಅಂತ ಆ ಹಾಳೆಯಲ್ಲಿ ಬರೆದಿದೆ. ಆರ್‌ಸಿ ಇನ್ನೂ ನನ್ನ ಹೆಸರಿಗೆ ಆಗಿಲ್ಲ. ಸದ್ಯಕ್ಕೆ ಗೇರ್‌ಬಾಕ್ಸ್ ರಿಪೇರಿ ಮಾಡಿಸಿ ಆಮೇಲೆ ದುಡ್ಡು ಕೇಳಲಾ? ಸಾಲದ ಕಂತು ನಿಲ್ಲಿಸಲಾ?

ಗ್ಯಾರೇಜ್ ಅಣ್ಣ:
ಮೊದಲು ಗಾಡಿ ಬಿಚ್ಚಿಸಬೇಡಿ ಸಾರ್. ಬಿಚ್ಚಿದ ಮೇಲೆ ಡೀಲರ್ "ನೀವೇ ಹಾಳು ಮಾಡಿಸಿದ್ದು" ಅಂತಾನೆ, ಅಲ್ಲಿಗೆ ಮುಗೀತು. ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಎಎಂಟಿ ಅಂದರೆ ಒಳಗಿರುವುದು ಮಾಮೂಲಿ ಕ್ಲಚ್ಚೇ, ಅದನ್ನು ಕಾಲಿನ ಬದಲು ಆಕ್ಚುಯೇಟರ್ ಅನ್ನುವ ಯಂತ್ರ ಒತ್ತುತ್ತದೆ. ಇಷ್ಟು ಓಡಿದ ಗಾಡಿಯಲ್ಲಿ ಕ್ಲಚ್ ಸವೆಯುವುದು ಸಹಜ. ಬರೀ "ಗೇರ್ ಸರಿ ಇಲ್ಲ" ಅಂತ ಹೋದರೆ ಹಳೇ ಗಾಡಿ ಅಲ್ವಾ ಅಂತ ತಳ್ಳಿಹಾಕುತ್ತಾರೆ. ನೀವು ಹಿಡಿಯಬೇಕಾದ್ದು ಮೀಟರ್. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ. ಎಷ್ಟೋ ಗಾಡಿಗಳಲ್ಲಿ ಡ್ಯಾಶ್‌ಬೋರ್ಡ್ ಬಿಟ್ಟು ಬೇರೆ ಎಲೆಕ್ಟ್ರಾನಿಕ್ ಮಾಡ್ಯೂಲ್‌ನಲ್ಲೂ ಕಿ.ಮೀ. ದಾಖಲಾಗಿರುತ್ತದೆ, ಮೀಟರ್ ತಿರುಗಿಸುವವರು ಅದನ್ನು ಮುಟ್ಟಿರುವುದಿಲ್ಲ. ನನ್ನಂಥ ಗ್ಯಾರೇಜಿನವರ ಬಾಯಿಮಾತು ಕೇಸಿಗೆ ಸಾಲದು. ಸರ್ವಿಸ್ ಸೆಂಟರ್‌ನಿಂದಲೇ ತಾರೀಕು, ಕಿ.ಮೀ. ಎರಡೂ ಇರುವ ಹಳೇ ಜಾಬ್ ಕಾರ್ಡ್ (ಸರ್ವಿಸ್ ಮಾಡಿದ ದಾಖಲೆ) ಪ್ರತಿಗಳನ್ನು ಸೀಲ್ ಹಾಕಿಸಿ ತಗೊಳ್ಳಿ.

ಕೋರ್ಟು ಕಚೇರಿ:
ಅಣ್ಣ ಹೇಳಿದ್ದು ಸರಿ. ಹಳೇ ಕಾರು ಕೆಡುತ್ತದೆ ಅನ್ನುವುದು ಬೇರೆ, ಸುಳ್ಳು ಹೇಳಿ ಮಾರಿದರು ಅನ್ನುವುದು ಬೇರೆ. "ಇದ್ದ ಹಾಗೇ" ಅನ್ನುವ ಸಾಲು ನೀವು ನೋಡಿ ಒಪ್ಪಿಕೊಂಡ ಗೀರಿಗೆ, ಸವೆದ ಟೈರಿಗೆ ಅನ್ವಯಿಸಬಹುದು, 48,000 ಅಂತ ಬರೆದುಕೊಟ್ಟ ಸುಳ್ಳಿಗೆ ಅದು ರಕ್ಷೆ ಅಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸರಕಿನ ಗುಣಮಟ್ಟದ ಬಗ್ಗೆ ಸುಳ್ಳು ಹೇಳುವುದು ಅನುಚಿತ ವ್ಯಾಪಾರ ಪದ್ಧತಿ. "ಮಧ್ಯದವನು" ಅನ್ನುವುದು ಡೀಲರ್‌ಗಳ ಹಳೇ ಪಾಠ. ದುಡ್ಡು ಯಾರ ಖಾತೆಗೆ ಹೋಯಿತು, ರಸೀದಿ ಯಾರ ಹೆಸರಲ್ಲಿದೆ ನೋಡಿ, ಅಲ್ಲೇ ಉತ್ತರ ಇದೆ. 2023ರ ಏಪ್ರಿಲ್ 1ರಿಂದ ಹಳೇ ಗಾಡಿ ಡೀಲರ್‌ಗಳು ಆರ್‌ಟಿಒದಿಂದ ಅಧಿಕಾರ ಪತ್ರ ತಗೋಬೇಕು ಅನ್ನುವ ನಿಯಮವೂ ಇದೆ, ಅದನ್ನೂ ಕೇಳಿ.

ಆರ್ಬಿಟ್ರೇಷನ್ ಸಾಲಿಗೆ ಹೆದರಬೇಡಿ, ಅದಿದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಡೀಲರ್ ಬೆಂಗಳೂರಿನಲ್ಲಿದ್ದರೂ ನೀವು ವಾಸ ಇರುವ ತುಮಕೂರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. 5ರಿಂದ 10 ಲಕ್ಷದ ವ್ಯವಹಾರಕ್ಕೆ ಶುಲ್ಕ 200 ರೂಪಾಯಿ ಅಷ್ಟೇ. ವಕೀಲರು ಇರಲೇಬೇಕು ಅಂತಿಲ್ಲ, ಆದರೆ ಎದುರಿನವರು ವಕೀಲರನ್ನು ಇಟ್ಟರೆ ನಿಮಗೂ ಇದ್ದರೆ ಒಳ್ಳೆಯದು. ಎರಡು ವರ್ಷ ಅವಕಾಶ ಇದೆ, ಹಾಗಂತ ಕೂರಬೇಡಿ. ಈ ವಾರವೇ ಸ್ಪೀಡ್ ಪೋಸ್ಟ್‌ನಲ್ಲಿ ನೋಟಿಸ್ ಕಳಿಸಿ: ಏನು ಹೇಳಿ ಮಾರಿದರು, ದಾಖಲೆ ಏನು ಹೇಳುತ್ತಿದೆ, ಕಾರು ವಾಪಸ್ ತಗೊಂಡು ಪೂರ್ತಿ ದುಡ್ಡು ಕೊಡಿ. ಚಾಟ್, ಜಾಹೀರಾತು ಎಲ್ಲ ಉಳಿಸಿಕೊಳ್ಳಿ, ಆ ಫೋನ್ ಮಾರಬೇಡಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ದಾಖಲಿಸಬಹುದು, ಕೆಲವರು ಅಷ್ಟಕ್ಕೇ ದಾರಿಗೆ ಬರುತ್ತಾರೆ. ಆದರೆ ಅದು ಆದೇಶ ಕೊಡುವ ಜಾಗ ಅಲ್ಲ.

ಕಂತು ಮಾತ್ರ ನಿಲ್ಲಿಸಲೇಬೇಡಿ. ಸಾಲ ನಿಮಗೂ ಬ್ಯಾಂಕಿಗೂ ನಡುವಿನದು, ನಿಲ್ಲಿಸಿದರೆ ಸಿಬಿಲ್ ಸ್ಕೋರ್ ಬೀಳುವುದು ನಿಮ್ಮದೇ. ಕಟ್ಟಿದ ಬಡ್ಡಿಯನ್ನು ಪರಿಹಾರದಲ್ಲಿ ಸೇರಿಸಿ ಕೇಳಿ.

ಲೀಡ್ಸ್ ಕನ್ನಡಿಗ:
ಇಲ್ಲಿ ಯುಕೆಯಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ಡೀಲರ್ ಹತ್ತಿರ ತಗೊಂಡ ಹಳೇ ಕಾರಿನಲ್ಲೂ ಕೊಳ್ಳುವಾಗಲೇ ದೋಷ ಇದ್ದರೆ 30 ದಿನದೊಳಗೆ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳಬಹುದು. ಭಾರತದಲ್ಲಿ ಹಾಗೆ ಏನೂ ಇಲ್ವಾ?

ಕೋರ್ಟು ಕಚೇರಿ:
ಅಷ್ಟು ನೇರವಾಗಿ ಇಲ್ಲ. ಆದರೆ ಬಿಲ್‌ನಲ್ಲಿ ಅವಧಿ ಬರೆದಿಲ್ಲದಿದ್ದರೆ, 30 ದಿನದೊಳಗೆ ದೋಷದ ಸರಕು ವಾಪಸ್ ತಗೊಂಡು ದುಡ್ಡು ಕೊಡಲು ನಿರಾಕರಿಸುವುದೂ ನಮ್ಮ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಅದಕ್ಕೇ ಈ ವಾರವೇ ನೋಟಿಸ್ ಅಂದದ್ದು. ವ್ಯತ್ಯಾಸ ಇರುವುದು ವೇಗದಲ್ಲಿ. ದೂರು ಇತ್ಯರ್ಥಕ್ಕೆ ಕಾಯ್ದೆ ಮೂರು ತಿಂಗಳು, ಪರೀಕ್ಷೆ ಬೇಕಾದರೆ ಐದು ತಿಂಗಳು ಅನ್ನುತ್ತದೆ, ನಿಜದಲ್ಲಿ ಅದಕ್ಕಿಂತ ಎಳೆಯುತ್ತದೆ.

ತುಮಕೂರಿನವ:
ತುಂಬಾ ಥ್ಯಾಂಕ್ಸ್. ಈಗಷ್ಟೇ ಡೀಲರ್ ಫೋನ್ ಮಾಡಿ "ನಾಲ್ಕೂವರೆ ಲಕ್ಷಕ್ಕೆ ವಾಪಸ್ ತಗೋತೀನಿ, ಗಾಡಿ ಇವತ್ತೇ ತಂದು ಬಿಡಿ, ದುಡ್ಡು ಆಮೇಲೆ ಹಾಕ್ತೀನಿ" ಅಂದರು. ನಾನಿನ್ನೂ ನೋಟಿಸೇ ಕಳಿಸಿಲ್ಲ!

ಗ್ಯಾರೇಜ್ ಅಣ್ಣ:
ಬಿಡಬೇಡಿ ಸಾರ್! ಗಾಡಿ ಅವನ ಯಾರ್ಡಿಗೆ ಹೋದರೆ ಸ್ಕ್ಯಾನ್ ಮಾಡಿಸುವುದಕ್ಕೂ ಸಿಗಲ್ಲ. ಈಗಿನ ಮೀಟರ್ ರೀಡಿಂಗ್ ಫೋಟೊ ತೆಗೆದಿಟ್ಟು ಸುಮ್ನೆ ಮನೆ ಮುಂದೆ ನಿಲ್ಲಿಸಿ, ಓಡಿಸಬೇಡಿ.

ಕೋರ್ಟು ಕಚೇರಿ:
ಮಾತಿಗೆ ಬಂದಿದ್ದಾರೆ ಅಂದರೆ ಅಳುಕಿದೆ ಅಂತಲೇ ಅರ್ಥ, ನೋಟಿಸ್ ಕಳಿಸಿಯೇ ಮಾತಾಡಿ. ಕಮ್ಮಿಗೆ ಒಪ್ಪುವುದು ಬಿಡುವುದು ನಿಮ್ಮಿಷ್ಟ. ವರ್ಷಗಟ್ಟಲೆ ಅಲೆಯುವ ಬದಲು ಸ್ವಲ್ಪ ಬಿಟ್ಟುಕೊಡುವುದರಲ್ಲಿ ತಪ್ಪೇನಿಲ್ಲ, ಆದರೆ ನಾಲ್ಕೂವರೆ ನನ್ನ ಪ್ರಕಾರ ತೀರಾ ಕಮ್ಮಿ. ಎಷ್ಟಕ್ಕೇ ಒಪ್ಪಿದರೂ ಮೊದಲು ದುಡ್ಡು ಖಾತೆಗೆ ಬರಲಿ, ಬ್ಯಾಂಕಿನ ಸಾಲ ತೀರಿಸಿದ ಪತ್ರ ಕೈಗೆ ಬರಲಿ, ಆಮೇಲೆ ಗಾಡಿ ಮತ್ತು ಎರಡೂ ಕೀ ಕೊಟ್ಟು ಸಹಿ ಇರುವ ರಸೀದಿ ತಗೊಳ್ಳಿ. "ಇನ್ನು ಯಾವ ತಕರಾರೂ ಇಲ್ಲ" ಅನ್ನುವ ಹಾಳೆಗೆ ದುಡ್ಡು ಬರುವ ಮುಂಚೆ ಸಹಿ ಹಾಕಬೇಡಿ.