‘ಡೀಫಾಲ್ಟ್ ಮೌಂಟ್ ಆಪ್ಷನ್’: ಯಾವ ಡೀಫಾಲ್ಟ್?

ಪ್ರಶ್ನೆ: ಲಿನಕ್ಸ್ ಕೈಪಿಡಿಯೊಂದರ ಅನುವಾದದಲ್ಲಿ ‘ತೆಗೆಯಬಹುದಾದ ಡ್ರೈವ್‌ನಲ್ಲಿ ಪೂರ್ವನಿಯೋಜಿತ ಆರೋಹಣ ಆಯ್ಕೆಗಳನ್ನು ಉಳಿಸುವುದು’ ಎಂಬ ತಲೆಬರಹವಿದೆ. (ಇಲ್ಲಿ ‘ಆರೋಹಣ’ ಎಂದರೆ ಮೌಂಟ್, ಅಂದರೆ ಒಳಗಿನ ಕಡತಗಳನ್ನು ಬಳಸಲು ಡ್ರೈವನ್ನು ವ್ಯವಸ್ಥೆಗೆ ಜೋಡಿಸುವುದು.) ಇದರಲ್ಲಿ ಯಾವ ಪದ ಇರಲಿ, ಯಾವುದು ಹೋಗಲಿ? ಬಲ್ಲವರು ತಿಳಿಸಿ.

ಉತ್ತರ: ಹೆಚ್ಚು ಯೋಚಿಸಬೇಕಾದದ್ದು ‘ಪೂರ್ವನಿಯೋಜಿತ’ದ ಬಗ್ಗೆ. ಇಂಗ್ಲಿಷಿನ ‘ಡೀಫಾಲ್ಟ್’ ಇಲ್ಲಿ ಎರಡು ಬೇರೆ ಸಂಗತಿಗಳನ್ನು ಹೊತ್ತಿದೆ.

ಯಾವ ಡ್ರೈವನ್ನು ಎಲ್ಲಿ, ಹೇಗೆ ಮೌಂಟ್ ಮಾಡಬೇಕೆಂದು ಯಂತ್ರದಲ್ಲಿ ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದ ನಾಲ್ಕನೆಯ ಅಂಕಣದಲ್ಲಿ ‘ಡೀಫಾಲ್ಟ್ಸ್’ ಎಂದು ಬರೆಯುತ್ತೇವಲ್ಲ, ಅದು ನಾವು ಬೇರೇನೂ ಹೇಳದಿದ್ದಾಗ ವ್ಯವಸ್ಥೆ ಹಿಡಿಯುವ ದಾರಿ. ಓದಬಹುದು, ಬರೆಯಬಹುದು, ಪ್ರೋಗ್ರಾಂ ಓಡಿಸಬಹುದು ಇತ್ಯಾದಿ. ಈ ಡ್ರೈವ್‌ಗೆಂದು ಯಾರೂ ಏನನ್ನೂ ನಿಯೋಜಿಸಿಲ್ಲ. ಅದಕ್ಕೆ ‘ಮಾಮೂಲಿ ಆಯ್ಕೆ’ ಸಾಕು.

ತಲೆಬರಹದಲ್ಲಿರುವುದು ಎರಡನೆಯದು. ಡ್ರೈವ್‌ನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮವೇ ಕಡತವ್ಯವಸ್ಥೆ; ಲಿನಕ್ಸ್‌ನ ಇಎಕ್ಸ್‌ಟಿ4 ಕಡತವ್ಯವಸ್ಥೆಯ ಸೂಪರ್‌ಬ್ಲಾಕ್‌ನಲ್ಲೇ, ಅಂದರೆ ಅದರ ವಿವರಗಳಿರುವ ಡ್ರೈವ್‌ನ ಭಾಗದಲ್ಲೇ, ಆಯ್ಕೆಗಳನ್ನು ಬರೆದಿಡಬಹುದು. ಡ್ರೈವ್ ಯಾವ ಯಂತ್ರಕ್ಕೆ ಹೋದರೂ ಅವು ಜೊತೆಗೇ ಹೋಗುತ್ತವೆ. ‘ಟ್ಯೂನ್2ಎಫ್‌ಎಸ್’ ಆದೇಶಕ್ಕೆ (ಕಡತವ್ಯವಸ್ಥೆಯನ್ನು ಹೊಂದಿಸುವ ಸಲಕರಣೆ ಇದು) ಚಿಕ್ಕಕ್ಷರದ ‘-ಒ’ ಕೊಟ್ಟರೆ ಎಸಿಎಲ್‌ನಂಥ (ಯಾರು ಯಾವ ಕಡತ ಮುಟ್ಟಬಹುದೆಂಬ ಪಟ್ಟಿ) ಗೊತ್ತುಪಡಿಸಿದ ಕೆಲವು ಆಯ್ಕೆಗಳು ಮಾತ್ರ ಕೂಡುತ್ತವೆ. ದೊಡ್ಡಕ್ಷರದ ‘-ಇ’ ಜೊತೆ ‘ಮೌಂಟ್_ಆಪ್ಟ್ಸ್’ ಕೊಟ್ಟರೆ 63 ಬೈಟ್‌ವರೆಗಿನ ಸಾಲನ್ನು ನಾವೇ ಬರೆಯಬಹುದು; ಇದನ್ನು 2.6.35 ಮತ್ತು ಅನಂತರದ ಕರ್ನಲ್‌ಗಳು (ಲಿನಕ್ಸ್‌ನ ತಿರುಳು) ಮಾತ್ರ ಪಾಲಿಸುತ್ತವೆ. ಮೊದಲು ‘-ಒ’ದವು, ಆಮೇಲೆ ಈ ಸಾಲು, ಕೊನೆಗೆ ಮೌಂಟ್ ಮಾಡುವಾಗ ನಾವು ಕೊಡುವವು, ಹೀಗೆ ಅನ್ವಯವಾಗುವುದರಿಂದ ಮೌಂಟ್ ಮಾಡುವಾಗ ಹೇಳಿದ್ದೇ ಗೆಲ್ಲುತ್ತದೆ. ಇವು ಮೊದಲೇ, ಒಬ್ಬರು ಬೇಕೆಂದೇ ಗೊತ್ತುಮಾಡಿಟ್ಟವು. ‘ಪೂರ್ವನಿಯೋಜಿತ’ ಇಲ್ಲಿ ಅಕ್ಷರಶಃ ಒಪ್ಪುತ್ತದೆ, ಎಫ್‌ಎಸ್‌ಟ್ಯಾಬ್‌ನಲ್ಲಿ ಒಪ್ಪುವುದಿಲ್ಲ. ಎರಡಕ್ಕೂ ಒಂದೇ ಪದ ಹಾಕಿದರೆ ಓದುಗರು ‘ನೋಎಟೈಮ್’ (ಕಡತ ಓದಿದ ಹೊತ್ತನ್ನು ದಾಖಲಿಸಬೇಡ), ‘ನೋಸುಯಿಡ್’ (ಪ್ರೋಗ್ರಾಂಗೆ ಅದರ ಒಡೆಯರ ಅಧಿಕಾರ ಕೊಡಬೇಡ) ಆಯ್ಕೆಗಳನ್ನೂ ಡ್ರೈವ್‌ನಲ್ಲೇ ಬರೆದಿಡಲು ಹೊರಡುತ್ತಾರೆ. ಅವು ಕಡತವ್ಯವಸ್ಥೆಗಿಂತ ಮೇಲಿನ ಪದರಕ್ಕೆ ಸೇರಿದವು, ಎಫ್‌ಎಸ್‌ಟ್ಯಾಬ್‌ನಲ್ಲೋ ಮೌಂಟ್ ಆದೇಶದಲ್ಲೋ ಇರಬೇಕು.

‘ತೆಗೆಯಬಹುದಾದ’ ಬೇಡ. ಬಾಗಿಲು ತೆಗೆ ಎಂದರೆ ಬಿಚ್ಚು, ಮುಳ್ಳು ತೆಗೆ ಎಂದರೆ ಕೀಳು. ‘ಡ್ರೈವ್ ತೆಗೆಯಿರಿ’ ಎಂದಾಗ ಒಳಗಿನ ಕಡತ ನೋಡಬೇಕೋ ಯಂತ್ರದಿಂದ ಕಳಚಬೇಕೋ? ‘ಕಳಚಬಹುದಾದ ಡ್ರೈವ್’ ಎನ್ನಿ. ಹಾಗೆಂದು ಅನ್‌ಮೌಂಟ್‌ಗೂ ‘ಕಳಚು’ ಬಳಸಬೇಡಿ. ಬರೆಯಲು ಬಾಕಿಯಿರುವ ದತ್ತವನ್ನು ಡ್ರೈವ್‌ಗೆ ಮುಟ್ಟಿಸಿ ನಂಟು ಬಿಡಿಸುವುದು ಅನ್‌ಮೌಂಟ್, ಕೈಯಿಂದ ಎಳೆಯುವುದು ಕಳಚುವುದು. ಎರಡೂ ಒಂದೇ ಎಂದುಕೊಂಡವರ ಕಡತ ಅರ್ಧಕ್ಕೇ ನಿಲ್ಲುತ್ತದೆ.

‘ಆರೋಹಣ’ ಕೆಲವು ಅನುವಾದಗಳಲ್ಲಿದೆ, ಆದರೆ ಆರೋಹಿಸುವವರು ತಾವೇ ಹತ್ತುತ್ತಾರೆ. ಇಲ್ಲಿ ಡ್ರೈವನ್ನು ನಾವು ಏರಿಸುತ್ತೇವೆ. ಬಿಲ್ಲಿಗೆ ಹೆದೆ ಏರಿಸಿದಂತೆ ‘ಏರಿಸು–ಇಳಿಸು’ ಚಂದದ ಜೋಡಿ. ಆದರೆ ಅಪ್‌ಲೋಡ್–ಡೌನ್‌ಲೋಡ್‌ಗಳು ಅವನ್ನು ಆಗಲೇ ಹಿಡಿದಿವೆ. ಹಾಗಾಗಿ ‘ಮೌಂಟ್’ ಇರಲಿ.

ತಲೆಬರಹ ಹೀಗಿರಬಹುದು: ‘ಕಳಚಬಹುದಾದ ಡ್ರೈವ್‌ನಲ್ಲೇ ಪೂರ್ವನಿಯೋಜಿತ ಮೌಂಟ್ ಆಯ್ಕೆಗಳನ್ನು ಬರೆದಿಡುವುದು’. ಆ ‘ಲ್ಲೇ’ ಬಿಡಬೇಡಿ. ಕೆಳಗೆ ‘ಇಎಕ್ಸ್‌ಟಿ4ಗೆ ಮಾತ್ರ’ ಎಂದೂ ಸೇರಿಸಿ. ಫ್ಯಾಟ್, ಎಕ್ಸ್‌ಫ್ಯಾಟ್ ಕಡತವ್ಯವಸ್ಥೆಗಳಲ್ಲಿ ಇವನ್ನು ಬರೆದಿಡುವ ಜಾಗವಿಲ್ಲ.