ಮಾರ್ಕೆಟ್‌ನಲ್ಲಿ ಕೂರುವ ಹೆಂಗಸರದ್ದೇ ಒಂದು ಸಂಘ: ಶುರು ಮಾಡೋದು ಹೇಗೆ?

ಸೊಪ್ಪಿನಮ್ಮನ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮಮ್ಮ ತಾಲ್ಲೂಕು ಕೇಂದ್ರದ ಮಾರ್ಕೆಟ್‌ನಲ್ಲಿ ಸೊಪ್ಪು ಮಾರುತ್ತಾರೆ. ಮಾರ್ಕೆಟ್ ಒಳಗೆ ಕಟ್ಟೆ ಇರುವವರು ಹೆಚ್ಚಾಗಿ ಗಂಡಸರು. ಹೊರಗೆ ಕಾಂಪೌಂಡ್ ಗೋಡೆ ಪಕ್ಕ ಗೋಣಿಚೀಲ ಹಾಸಿಕೊಂಡು ಕೂರುವವರೆಲ್ಲ ಹೆಂಗಸರು. ಸೊಪ್ಪು, ಹೂವು, ನಿಂಬೆಹಣ್ಣು, ಕಾಲಕ್ಕೆ ಅವರೆಕಾಯಿ. ಒಟ್ಟು ನಲವತ್ತು ಜನ ಇರಬಹುದು.

ವ್ಯಾಪಾರಿಗಳ ಸಂಘ ಅಂತ ಒಂದು ಆಗಲೇ ಇದೆ. ಅಮ್ಮನೂ ವರ್ಷಾ ವರ್ಷ ಚಂದಾ ಕೊಡುತ್ತಾರೆ. ಮೀಟಿಂಗ್ ಯಾವಾಗ ನಡೆಯಿತು, ಏನು ಮಾತಾಡಿದರು, ಯಾವುದೂ ಹೆಂಗಸರ ಕಿವಿಗೆ ಬೀಳುವುದಿಲ್ಲ.

ಗೌರಿ ಹಬ್ಬದ ಹಿಂದಿನ ದಿನ ಬೆಳಗ್ಗೆ ನಗರಸಭೆಯ ಗಾಡಿ ಬಂತು. ಹೊರಗೆ ಕೂತವರ ಬುಟ್ಟಿಗಳನ್ನು ಎತ್ತಿಕೊಂಡು ಹೋದರು. ದಂಟು, ಮೆಂತ್ಯ, ಸಬ್ಬಸಿಗೆ, ಎಲ್ಲ ಸಾಲ ತಂದು ಹಾಕಿದ ಮಾಲು. ಮಾರನೇ ದಿನ ಸಂಜೆ ವಾಪಸ್ ಸಿಕ್ಕಾಗ ಬುಟ್ಟಿಯಿಂದ ನೀರು ಸೋರುತ್ತಿತ್ತು. ಸಂಘದವರನ್ನು ಕೇಳಿದರೆ, ಹೊರಗಿನವರ ವಿಷಯ ನಮಗೆ ಬರುವುದಿಲ್ಲ ಎಂದರು.

ಇನ್ನೊಂದು ಶೌಚಾಲಯದ ಕಷ್ಟ. ಹಿಂಭಾಗದಲ್ಲಿ ಒಂದು ಇದೆ, ಯಾವಾಗಲೂ ಬೀಗ. ಅಮ್ಮ ಬೆಳಗಿನ ಜಾವ ಮನೆ ಬಿಟ್ಟರೆ ಮಧ್ಯಾಹ್ನದವರೆಗೆ ಒಂದು ಲೋಟ ನೀರು ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿಗೆ?

ಈಗ ಹೆಂಗಸರೆಲ್ಲ ಸೇರಿ ನಮ್ಮದೇ ಸಂಘ ಮಾಡೋಣ ಅಂತಿದ್ದಾರೆ. ನಾನು ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತೇನೆ. ‘ಓದಿದವಳು ನೀನೇ, ನೀನೇ ಅಧ್ಯಕ್ಷೆ ಆಗು’ ಅಂತ ಎಲ್ಲರ ಒತ್ತಾಯ. ಒಪ್ಪಿಕೊಳ್ಳಲಾ? ಎಲ್ಲಿ ನೋಂದಣಿ ಮಾಡಿಸಬೇಕು? ಕಾನೂನಿನಲ್ಲಿ ಇವರಿಗೆ ಏನಾದರೂ ರಕ್ಷಣೆ ಇದೆಯಾ? ಅನುಭವ ಇರುವವರು ದಯವಿಟ್ಟು ಹೇಳಿ.

ಕೋರ್ಟ್ ರಸ್ತೆ

ಕಾನೂನಿನ ಭಾಗ ನಾನು ಹೇಳುತ್ತೇನೆ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಇದೆ. ಆ ವರ್ಷ ಮೇ 1ರಿಂದ ಜಾರಿಯಲ್ಲಿದೆ. ಬೀದಿ, ಫುಟ್‌ಪಾತ್, ಸಾರ್ವಜನಿಕ ಜಾಗದಲ್ಲಿ ಕೂತು ಮಾರುವವರಿಗಾಗಿಯೇ ಮಾಡಿದ್ದು. ನಿಮ್ಮಮ್ಮ ಹೊರಗೆ ಕೂರುತ್ತಾರಲ್ಲ, ಅದಕ್ಕೇ ಈ ಕಾಯ್ದೆ ಅವರಿಗೆ ಸಲ್ಲುತ್ತದೆ.

ಬುಟ್ಟಿ ಎತ್ತಿದ ವಿಷಯಕ್ಕೆ ಬರೋಣ. ವ್ಯಾಪಾರಿಗಳ ಸರ್ವೆ ಮುಗಿಸಿ, ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಸ್ಥಳಾಂತರ ಮಾಡಬೇಕಾದರೂ 30 ದಿನ ಮುಂಚೆ ನೋಟಿಸ್ ಕೊಡಬೇಕು. ಸಾಮಾನು ವಶಕ್ಕೆ ತೆಗೆದುಕೊಂಡರೆ ಪಟ್ಟಿ ಮಾಡಿ, ಅದರ ಒಂದು ಪ್ರತಿಯನ್ನು ವ್ಯಾಪಾರಿಯ ಕೈಗೆ ಕೊಡಬೇಕು. ಸೊಪ್ಪು, ಹೂವು, ಹಣ್ಣಿನಂಥ ಕೆಡುವ ಮಾಲನ್ನು ನೀವು ಕೇಳಿದ ದಿನವೇ ವಾಪಸ್ ಕೊಡಬೇಕು. ಬೇರೆ ಸಾಮಾನಾದರೆ ಎರಡು ಕೆಲಸದ ದಿನದೊಳಗೆ. ಇದು 19ನೇ ಸೆಕ್ಷನ್. ಆದ್ದರಿಂದ ಅವತ್ತೇ, ಬರವಣಿಗೆಯಲ್ಲಿ ಕೇಳಬೇಕು. ಬಾಯಲ್ಲಿ ಬೇಡಿಕೊಂಡರೆ ದಾಖಲೆ ಉಳಿಯುವುದಿಲ್ಲ.

ಇದಕ್ಕಿಂತ ದೊಡ್ಡದು ಪಟ್ಟಣ ವ್ಯಾಪಾರ ಸಮಿತಿ. ಟಿವಿಸಿ ಅಂತ ಕರೆಯುತ್ತಾರೆ. ಅದರಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದ ಹಾಗೆ ವ್ಯಾಪಾರಿಗಳ ಪ್ರತಿನಿಧಿಗಳಿರಬೇಕು, ಚುನಾವಣೆಯಿಂದ ಬಂದವರು. ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಎಲ್ಲಿ ಕೂರಬಹುದು, ಎಲ್ಲಿ ಬೇಡ ಎನ್ನುವ ಮಾತು ಬರುವುದು ಈ ಸಮಿತಿ ಮುಂದೆ. ಮಾರ್ಕೆಟ್ 50 ವರ್ಷಕ್ಕಿಂತ ಹಳೆಯದಾ ಅಂತಲೂ ವಿಚಾರಿಸಿ. ಅಷ್ಟು ಕಾಲದಿಂದ ವ್ಯಾಪಾರ ನಡೆದು ಬಂದ ಸಹಜ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರ ಮಾಡಬಾರದು ಅಂತ ಕಾಯ್ದೆಯ ಅನುಸೂಚಿಯಲ್ಲೇ ಇದೆ.

ಸಂಘಕ್ಕೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ ಸಾಕು. ಏಳು ಜನ ಇದ್ದರೆ ಆಯಿತು. ಸಹಕಾರ ಇಲಾಖೆಯ ಜಿಲ್ಲಾ ನೋಂದಣಾಧಿಕಾರಿ ಹತ್ತಿರ ಹೋಗಬೇಕು. ವರ್ಷಾ ವರ್ಷ ಲೆಕ್ಕ ಸಲ್ಲಿಸುವುದನ್ನು ಮಾತ್ರ ಬಿಡಬೇಡಿ.

ಮಲ್ಲಿಗೆ ಮೊಳ

ನಾನೇ ಹೂವು ಮಾರುವವಳು. ಹಾಸನ ಜಿಲ್ಲೆಯ ಒಂದು ಊರು. ಮದುವೆಯಾಗಿ ಬಂದಾಗಿನಿಂದ ಇದೇ ಕೆಲಸ, ಮೊದಲು ಅತ್ತೆ ಜೊತೆ, ಈಗ ಒಬ್ಬಳೇ. ನಮ್ಮ ಹೆಂಗಸರ ಸಂಘದ ಲೆಕ್ಕ ಬರೆಯುವುದು ನಾನು. ವಕೀಲರು ಹೇಳಿದ್ದನ್ನು ಮುದ್ರಿಸಿ ಇಟ್ಟುಕೊಳ್ಳಿ, ತುಂಬ ಕೆಲಸಕ್ಕೆ ಬರುತ್ತದೆ. ನಾನು ಬೇರೆ ಮಾತು ಹೇಳಬೇಕು.

ತಂಗಿ, ನೀನು ಅಧ್ಯಕ್ಷೆ ಆಗಬೇಡ. ನಿನ್ನ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ನೀನು ಅಧ್ಯಕ್ಷೆಯಾದರೆ ಆಫೀಸಿನವರು ನಿನ್ನ ಹತ್ತಿರ ಮಾತ್ರ ಮಾತಾಡುತ್ತಾರೆ. ನಿಮ್ಮಮ್ಮ, ಪಕ್ಕದ ನಿಂಬೆಹಣ್ಣಿನವಳು, ಎಲ್ಲರೂ ಹಿಂದೆ ನಿಂತು ನಿನ್ನ ಮುಖ ನೋಡುತ್ತಾರೆ. ನಾಳೆ ನಿನಗೆ ಬೇರೆ ಊರಲ್ಲಿ ಕೆಲಸ ಸಿಕ್ಕರೆ ಸಂಘ ಅಲ್ಲಿಗೆ ನಿಂತು ಹೋಗುತ್ತದೆ. ಅಲ್ಲದೆ ಆ ಟಿವಿಸಿ ಚುನಾವಣೆಗೆ ನಿಲ್ಲಬೇಕಾದವರು ವ್ಯಾಪಾರಿಗಳು, ಅಲ್ವಾ? ನೀನು ಅರ್ಜಿ ಬರೆದುಕೊಡು. ಬಂದ ಕಾಗದವನ್ನು ಓದಿ ಹೇಳು. ಮೊಬೈಲಿನಲ್ಲಿ ಫೋಟೋ ತೆಗೆದಿಡು. ಅದೇ ದೊಡ್ಡ ಸಹಾಯ.

ಹಾಗಾದರೆ ಯಾರು ಆಗಬೇಕು? ಚೆನ್ನಾಗಿ ಮಾತಾಡುವವರನ್ನು ಹುಡುಕಬೇಡಿ. ಒಂದು ವಾರ ಸುಮ್ನೆ ಗಮನಿಸು. ಊಟಕ್ಕೋ, ನೀರಿಗೋ ಏಳುವಾಗ ‘ಸ್ವಲ್ಪ ನೋಡ್ಕೊಳ್ಳಕ್ಕಾ’ ಅಂತ ಹೆಂಗಸರು ಯಾರ ಹತ್ತಿರ ದುಡ್ಡಿನ ಚೀಲ ಬಿಟ್ಟು ಹೋಗುತ್ತಾರೆ ಅಂತ. ನಮ್ಮಲ್ಲಿ ಅದು ಹಸಿಮೆಣಸಿನಕಾಯಿ ಮಾರುವ ಒಬ್ಬ ಅಜ್ಜಿ. ಸಹಿ ಹಾಕಲು ಬರುವುದಿಲ್ಲ, ಹೆಬ್ಬೆಟ್ಟು. ಅವರೇ ನಮ್ಮ ಮೊದಲ ಅಧ್ಯಕ್ಷೆ. ಯಾರೂ ಅವರ ಮಾತು ಮೀರಲಿಲ್ಲ.

ಮೀಟಿಂಗ್ ಹೊತ್ತು ನೋಡಿ ಇಡಿ. ಗಂಡಸರ ಸಂಘ ರಾತ್ರಿ ಎಂಟಕ್ಕೆ ಕರೆಯುತ್ತದೆ. ಆ ಹೊತ್ತಿಗೆ ನಾವು ಮುದ್ದೆ ತಿರುವುತ್ತಾ ಇರುತ್ತೇವೆ. ಆಮೇಲೆ ‘ಹೆಂಗಸರು ಬರೋದೇ ಇಲ್ಲ’ ಅಂತ ಹೇಳುತ್ತಾರೆ. ನಾವು ಮಧ್ಯಾಹ್ನ ಮೂರಕ್ಕೆ ಇಟ್ಟೆವು, ಕೂತ ಜಾಗದಲ್ಲೇ. ಕೈ ಹೂವು ಕಟ್ಟುತ್ತಿರುತ್ತದೆ, ಬಾಯಿ ಮಾತಾಡುತ್ತಿರುತ್ತದೆ. ಗಿರಾಕಿ ಬಂದರೆ ಎದ್ದು ಕೊಟ್ಟು ಮತ್ತೆ ಕೂರುವುದು.

ಲೆಕ್ಕದ ಪುಸ್ತಕದಲ್ಲಿ ಹೆಸರಿನ ಪಕ್ಕ ಒಂದೊಂದು ಚಿತ್ರ ಹಾಕಿದ್ದೇವೆ. ಒಬ್ಬರಿಗೆ ಬಾಳೆಗೊನೆ, ಒಬ್ಬರಿಗೆ ಕನಕಾಂಬರ, ಒಬ್ಬರಿಗೆ ತಕ್ಕಡಿ. ಓದಲು ಬಾರದವರೂ ತಮ್ಮ ಸಾಲಿನ ಮೇಲೆ ಬೆರಳಿಟ್ಟು ‘ಇಲ್ಲಿ ಒಂದು ಗೀಟು ಕಡಿಮೆ ಇದೆ’ ಅಂತ ಹೇಳುತ್ತಾರೆ. ಹಾಗೆ ಕೇಳಿದವರೇ ಆಮೇಲೆ ಆಫೀಸಿನಲ್ಲೂ ಧೈರ್ಯವಾಗಿ ಕೇಳಿದ್ದು. ದುಡ್ಡಿನ ಪೆಟ್ಟಿಗೆಗೆ ಎರಡು ಬೀಗ. ಬೀಗದ ಕೈಗಳು ಬೇರೆ ಬೇರೆ ಬೀದಿಯ ಇಬ್ಬರ ಹತ್ತಿರ.

ಮೊದಲ ಬೇಡಿಕೆ ಸಣ್ಣದಿರಲಿ, ಗೆಲ್ಲುವಂಥದ್ದಿರಲಿ. ನಾವು ಶುರು ಮಾಡಿದ್ದು ಶೌಚಾಲಯದ ಬೀಗದಿಂದಲೇ. ಒಬ್ಬರೇ ಹೋಗಲಿಲ್ಲ. ಯಾರು ಯಾವ ಮಾತು ಹೇಳಬೇಕು ಅಂತ ಮೊದಲೇ ಹಂಚಿಕೊಂಡು, ಗೋಡೆ ಪಕ್ಕ ನಿಂತು ಹೇಳಿ ಹೇಳಿ ರೂಢಿ ಮಾಡಿಕೊಂಡು ಹೋದೆವು. ‘ನಿಮ್ಮ ಮನೆ ಗಂಡಸರನ್ನು ಕಳಿಸಿಮ್ಮಾ’ ಅಂದರು. ನಮ್ಮ ಅಜ್ಜಿ, ‘ಬುಟ್ಟಿ ಹೊರೋರು ನಾವು ಸ್ವಾಮಿ, ಮಾತೂ ನಾವೇ ಆಡ್ತೀವಿ’ ಅಂದರು. ಬೀಗದ ಕೈ ಅವತ್ತೇ ಸಿಗಲಿಲ್ಲ. ಮತ್ತೆ ಮತ್ತೆ ಹೋಗಿ ಕೂತ ಮೇಲೆ ಸಿಕ್ಕಿತು. ಈಗ ಅದು ಇರುವುದು ನಮ್ಮ ಹತ್ತಿರ. ಕ್ಲೀನ್ ಮಾಡುವವರಿಗೆ ದುಡ್ಡು ಕೊಡುವುದೂ ನಾವೇ.

ಕಟ್ಟೆ ವ್ಯಾಪಾರಿ

ನಾನು ಮಾರ್ಕೆಟ್ ಒಳಗೆ ಅಂಗಡಿ ಇಟ್ಟವನು. ಹೆಂಗಸರಿಗೆ ಅನ್ಯಾಯ ಆಗಿದೆ, ಒಪ್ಪುತ್ತೇನೆ. ಆದರೆ ಬೇರೆ ಸಂಘ ಮಾಡಿದರೆ ಒಡಕು ಬರುತ್ತದೆ. ಅಧಿಕಾರಿಗಳಿಗೆ ಅದೇ ಬೇಕು, ಒಂದು ಸಂಘಕ್ಕೆ ಒಂದು ಮಾತು, ಇನ್ನೊಂದಕ್ಕೆ ಇನ್ನೊಂದು ಮಾತು ಹೇಳುತ್ತಾರೆ. ಇರುವ ಸಂಘದಲ್ಲೇ ಹೆಂಗಸರಿಗೆ ಎರಡು ಸ್ಥಾನ ಕೇಳಿದರೆ ಆಗಲ್ವಾ?

ಮಲ್ಲಿಗೆ ಮೊಳ

ಅಣ್ಣ, ಇರುವ ಸಂಘ ಬಿಡಿ ಅಂತ ನಾನು ಹೇಳುತ್ತಿಲ್ಲ. ನಮ್ಮಲ್ಲಿ ಎಲ್ಲರೂ ಎರಡೂ ಕಡೆ ಚಂದಾ ಕೊಡುತ್ತೇವೆ. ಸುಂಕ ಏರಿಸಿದಾಗ ಎರಡೂ ಸಂಘ ಒಟ್ಟಿಗೇ ಹೋಗಿದ್ದು. ಆದರೆ ಮಾತಾಡಿ ಅಭ್ಯಾಸವಿಲ್ಲದ ಹೆಂಗಸನ್ನು ಇಪ್ಪತ್ತು ಗಂಡಸರ ನಡುವೆ ಕೂರಿಸಿದರೆ ತಲೆ ಬಗ್ಗಿಸಿಕೊಂಡೇ ಕೂರುತ್ತಾಳೆ. ಮೊದಲು ತಮ್ಮವರ ನಡುವೆ ಜಗಳ ಆಡಿ, ಲೆಕ್ಕ ಕೇಳಿ, ಸೋತು ಗೆದ್ದು ಕಲಿಯಬೇಕು. ಆಮೇಲೆ ಆ ಎರಡು ಸ್ಥಾನಕ್ಕೆ ಬೆಲೆ ಬರುತ್ತದೆ. ಇಲ್ಲದಿದ್ದರೆ ಏನಾಗುತ್ತದೆ? ಹೆಂಗಸರ ಸ್ಥಾನಕ್ಕೆ ಯಾರದೋ ಹೆಂಡತಿ ಹೆಸರು ಬರೆಯುತ್ತಾರೆ. ಒಂದು ದಿನವೂ ಮಾರ್ಕೆಟ್‌ನಲ್ಲಿ ಕೂತವಳಲ್ಲ ಅವಳು. ಪಂಚಾಯ್ತಿಯಲ್ಲಿ ನೋಡಿಲ್ಲವಾ ನಾವು?

ಸರ್ವೆಯಲ್ಲೂ ಇದೇ ಕಥೆ. ಪಟ್ಟಿ ಬರೆಯಲು ಬಂದವರು ಗಂಡನ ಹೆಸರು ಕೇಳಿ ಅದನ್ನೇ ವ್ಯಾಪಾರಿ ಅಂತ ಬರೆದುಬಿಡುತ್ತಾರೆ. ಪ್ರಮಾಣಪತ್ರವೂ ಅವನ ಹೆಸರಿಗೇ ಬರುತ್ತದೆ. ತಂಗಿ, ಸರ್ವೆ ದಿನ ನೀನು ಶಾಲೆಗೆ ರಜೆ ಹಾಕಿಯಾದರೂ ಅಲ್ಲಿರು. ಕೂತು ಮಾರುವವಳ ಹೆಸರೇ ಬರೆಸು, ಅವಳದೇ ಫೋಟೋ ಹಾಕಿಸು.

ಅಹಮದಾಬಾದ್ ಕನ್ನಡಿಗ

ಕೆಲಸದ ಮೇಲೆ ಬಂದು ಇಲ್ಲೇ ನೆಲೆಸಿದವನು. ಇಲ್ಲಿನ ಮಾಣೆಕ್ ಚೌಕ್‌ನಲ್ಲಿ ತರಕಾರಿ ಮಾರುವ ಹೆಂಗಸರನ್ನು ನೋಡುತ್ತಾ ಬಂದಿದ್ದೇನೆ. ಹೂವಿನ ಅಕ್ಕ ಹೇಳಿದ ಮಾತೇ ಇಲ್ಲೂ ನಡೆದದ್ದು, ಅದಕ್ಕೇ ಬರೆಯುತ್ತಿದ್ದೇನೆ.

1972ರಲ್ಲಿ ಇಳಾ ಭಟ್ ಅವರು ಸ್ವಂತ ದುಡಿಮೆಯ ಹೆಂಗಸರ ‘ಸೇವಾ’ ಸಂಘಟನೆಯನ್ನು ಕಾರ್ಮಿಕ ಸಂಘವಾಗಿ ನೋಂದಾಯಿಸಲು ಹೋದಾಗ ಇಲಾಖೆ ಒಪ್ಪಲಿಲ್ಲ. ಈ ಹೆಂಗಸರಿಗೆ ಮಾಲೀಕನೇ ಇಲ್ಲ, ಯಾರ ವಿರುದ್ಧ ಹೋರಾಡುತ್ತೀರಿ ಎಂಬುದು ಅವರ ಪ್ರಶ್ನೆ. ಸಂಘ ಇರುವುದು ಯಾರದೋ ವಿರುದ್ಧ ಅಲ್ಲ, ನಾವು ಒಟ್ಟಾಗಲು ಎಂದು ವಾದಿಸಿ ನೋಂದಣಿ ಪಡೆದರು. ಆಮೇಲೆ ಬಂದದ್ದು ಸಾಲದ ಪ್ರಶ್ನೆ. ನಮ್ಮದೇ ಬ್ಯಾಂಕ್ ಯಾಕಿರಬಾರದು ಅಂತ ಕೇಳಿದ್ದು ಹಳೇ ಬಟ್ಟೆ ಮಾರುವ ಹೆಂಗಸು. 1974ರಲ್ಲಿ 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಾಕಿ ಸೇವಾ ಸಹಕಾರಿ ಬ್ಯಾಂಕ್ ಕಟ್ಟಿದರು. ಸಹಿ ಬಾರದವರು ರಾತ್ರಿಯೆಲ್ಲ ಕೂತು ಹೆಸರು ಬರೆಯಲು ಕಲಿತು ನೋಂದಣಿಗೆ ಹೋದರು. ಬ್ಯಾಂಕ್ ಇವತ್ತಿಗೂ ನಡೆಯುತ್ತಿದೆ.

ನಿಮ್ಮಮ್ಮ ಬುಟ್ಟಿಗೆ ಸಾಲ ತರುವುದು ಎಲ್ಲಿಂದ? ಬಡ್ಡಿ ಎಷ್ಟು?

ಸೊಪ್ಪಿನಮ್ಮನ ಮಗಳು

ಎಲ್ಲರಿಗೂ ಧನ್ಯವಾದ. ಹೂವಿನಕ್ಕ, ನಿಮ್ಮ ಮಾತನ್ನು ಅಮ್ಮನಿಗೆ ಓದಿ ಹೇಳಿದೆ. ಚೀಲ ಬಿಟ್ಟು ಹೋಗುವ ಮಾತು ಬಂದ ಕೂಡಲೇ ಒಬ್ಬರ ಹೆಸರು ಹೇಳಿದರು. ನನಗೂ ಅದೇ ಹೆಸರು ಹೊಳೆದಿತ್ತು.

ಸಾಲ ಮಾರ್ಕೆಟ್‌ನಲ್ಲೇ ಸಿಗುತ್ತದೆ. ಬೆಳಗ್ಗೆ 900 ಕೊಟ್ಟು ಸಂಜೆ 1,000 ಇಸಿದುಕೊಳ್ಳುತ್ತಾರೆ. ಅಮ್ಮ ತಿಂಗಳಲ್ಲಿ ಹೆಚ್ಚು ಕಡಿಮೆ 25 ದಿನ ತರುತ್ತಾರೆ. ಕೂತು ಲೆಕ್ಕ ಹಾಕಿದೆ. ತಿಂಗಳಿಗೆ 2,500 ರೂಪಾಯಿ ಬಡ್ಡಿಗೇ ಹೋಗುತ್ತಿದೆ, 900 ರೂಪಾಯಿ ಬಂಡವಾಳಕ್ಕೆ! ಇದಕ್ಕೆ ದಾರಿ ಇದೆಯಾ? ಬೈಲಾದಲ್ಲಿ, ಅಂದರೆ ಸಂಘದ ನಿಯಮಾವಳಿಯಲ್ಲಿ, ಏನೇನು ಬರೆಯಬೇಕು ಅಂತಲೂ ಹೇಳಿ.

ಕೋರ್ಟ್ ರಸ್ತೆ

ಸಾಲಕ್ಕೆ ಪಿಎಂ ಸ್ವನಿಧಿ ನೋಡಿ, ಬೀದಿ ಬದಿ ವ್ಯಾಪಾರಿಗಳಿಗಾಗಿ ಕೇಂದ್ರ ಸರ್ಕಾರ ಮಾಡಿದ ಸಾಲದ ಯೋಜನೆ. 2020ರ ಜೂನ್‌ನಲ್ಲಿ ಬಂದಾಗ ಮೊದಲ ಕಂತು 10,000 ಇತ್ತು. 2025ರಲ್ಲಿ ಅದನ್ನು 15,000ಕ್ಕೆ ಏರಿಸಿದ್ದಾರೆ. ತೀರಿಸಿದವರಿಗೆ 25,000, ಆಮೇಲೆ 50,000. ಅಡಮಾನ ಬೇಡ, ಸರಿಯಾಗಿ ಕಟ್ಟಿದರೆ ಶೇ. 7 ಬಡ್ಡಿ ಸಹಾಯಧನ. ಸರ್ವೆ ಪಟ್ಟಿಯಲ್ಲಿ ಹೆಸರು ಬಿಟ್ಟುಹೋಗಿದ್ದರೆ ನಗರಸಭೆಯಿಂದ ಶಿಫಾರಸು ಪತ್ರ ಬೇಕಾಗುತ್ತದೆ. ಅದನ್ನು ಕೇಳುವಾಗ ವ್ಯಾಪಾರಿಗಳ ಸಂಘದ ಸದಸ್ಯತ್ವದ ದಾಖಲೆ ಉಪಯೋಗಕ್ಕೆ ಬರುತ್ತದೆ. ಸಂಘ ಬೇಗ ನೋಂದಣಿ ಮಾಡಿಸಲು ಇದೂ ಒಂದು ಕಾರಣ.

ಮಲ್ಲಿಗೆ ಮೊಳ

ಬ್ಯಾಂಕ್ ಸಾಲ ಬರಲಿ, ಅದರ ಜೊತೆಗೆ ಉಳಿತಾಯ ಶುರು ಮಾಡಿ. ನಲವತ್ತು ಜನ ದಿನಕ್ಕೆ 20 ರೂಪಾಯಿ ಹಾಕಿದರೆ ದಿನಕ್ಕೆ 800. ಮೂವತ್ತು ದಿನಕ್ಕೆ 24,000. ಬೆಳಗಿನ ಬುಟ್ಟಿಗೆ ಬೇಕಾದ ದುಡ್ಡು ನಿಮ್ಮಲ್ಲೇ ಹುಟ್ಟುತ್ತದೆ. ಆದರೆ ಈ ದುಡ್ಡನ್ನು ಸಂಘದ ಖಾತೆಗೆ ಹಾಕಬೇಡಿ. ಹತ್ತರಿಂದ ಇಪ್ಪತ್ತು ಜನರ ಸ್ವಸಹಾಯ ಗುಂಪು ಮಾಡಿ, ಗುಂಪಿಗೊಂದು ಬ್ಯಾಂಕ್ ಖಾತೆ ತೆರೆಯಿರಿ. ಹಕ್ಕು ಕೇಳುವ ಸಂಘದ ಲೆಕ್ಕ ಬೇರೆ, ಸಾಲ ಕೊಡುವ ಗುಂಪಿನ ಲೆಕ್ಕ ಬೇರೆ.

ಬೈಲಾಗೆ ನಮ್ಮಲ್ಲಿ ಬರೆದದ್ದನ್ನು ಹೇಳುತ್ತೇನೆ. ಕೂತು ಮಾರುವವಳು ಮಾತ್ರ ಪದಾಧಿಕಾರಿ ಆಗಬಹುದು, ಅವಳ ಗಂಡ, ಮಗ, ಮಗಳು ಯಾರೂ ಆಗುವ ಹಾಗಿಲ್ಲ. ಎರಡು ವರ್ಷಕ್ಕೆ ಅಧ್ಯಕ್ಷೆ ಬದಲಾಗಬೇಕು. ಹಳೆಯವರು ಹೊಸಬರ ಜೊತೆ ಆರು ತಿಂಗಳು ಆಫೀಸಿಗೆ ಹೋಗಿ ಬರಬೇಕು. ಲೆಕ್ಕವನ್ನು ತಿಂಗಳಿಗೊಮ್ಮೆ ಜೋರಾಗಿ ಓದಬೇಕು. ಯಾವ ಜಾತಿ, ಯಾವ ಊರಿನವಳೇ ಆಗಲಿ, ಚಂದಾ ಕೊಟ್ಟವಳು ಸದಸ್ಯೆ.

ತುಂಬ ಜಗಳ ಆಗಿದ್ದು ಜಾಗದ ವಿಷಯಕ್ಕೆ. ಒಬ್ಬಳು ನಾಲ್ಕು ದಿನ ಬರದಿದ್ದರೆ ಪಕ್ಕದವಳ ಗೋಣಿ ಸರಿದು ಸರಿದು ಅವಳ ಜಾಗ ಮಾಯ ಆಗುತ್ತಿತ್ತು. ಈ ಭಯಕ್ಕೇ ಹೆಂಗಸರು ಜ್ವರ ಇದ್ದರೂ ಬಂದು ಕೂರುತ್ತಿದ್ದರು. ನಿಮ್ಮ ಬೈಲಾದಲ್ಲಿ ಇದನ್ನು ತಪ್ಪದೇ ಬರೆಸು: ಬಾಣಂತನಕ್ಕೆ ಹೋದವಳ ಜಾಗ ಆರು ತಿಂಗಳು, ಕಾಯಿಲೆ ಬಿದ್ದವಳ ಜಾಗ ಮೂರು ತಿಂಗಳು ಯಾರೂ ಮುಟ್ಟಬಾರದು. ಅಕ್ಕಪಕ್ಕದ ಇಬ್ಬರು ಅದನ್ನು ಕಾಯಬೇಕು. ಕರಡು ಬರೆದ ಮೇಲೆ ಇಲ್ಲೇ ಹಾಕು, ನಮ್ಮ ಹೆಂಗಸರಿಗೂ ಓದಿ ಹೇಳುತ್ತೇನೆ.